‘ಎನ್ನ ಅಕ್ಷರ’: ಡಿಜಿಟಲ್ ಕೈಬರಹದ ಆಕರ್ಷಣೆ ಮತ್ತು ಕೊರತೆಗಳ ಕುರಿತು ಒಂದು ವಿಮರ್ಶೆ

1

ಕಡಬ ತಾಲೂಕಿನ ಹಳ್ಳಿಯೊಂದರಲ್ಲಿ ಅಡಿಕೆ ತೋಟ ಮಾಡಿಕೊಂಡಿದ್ದ ನನ್ನ ಸೋದರಮಾವ ತಮ್ಮ ಕೊನೆಯ ಕೆಲವು ವರ್ಷಗಳಲ್ಲಿ ಆದಿತ್ಯವಾರಕ್ಕೊಂದರಂತೆ ಬಾಲ್ಯದ ನೆನಪುಗಳನ್ನು ಹವ್ಯಕ ಕನ್ನಡದಲ್ಲಿ ಬರೆದು ಕುಟುಂಬದ ವಾಟ್ಸಪ್ ಬಳಗಕ್ಕೆ ಹಾಕುತ್ತಿದ್ದರು. ಮೊದಲಿಗೆ ಗೆರೆಪುಸ್ತಕದ ಹಾಳೆಯಲ್ಲಿ ಬರೆದು ಫೋಟೊ ತೆಗೆಯುತ್ತಿದ್ದರು. ಮೊಮ್ಮಗಳು ಟ್ಯಾಬ್ಲೆಟ್ ತಂದುಕೊಟ್ಟ ಮೇಲೆ ಸ್ಟೈಲಸ್ ಹಿಡಿದು ಗಾಜಿನ ಮೇಲೆಯೇ ಬರೆಯತೊಡಗಿದರು. ಟೈಪು ಮಾಡಿದರೆ ಎಲ್ಲರಿಗೂ ಓದಲು ಸುಲಭವಲ್ಲವೆ ಎಂದು ನಾನೊಮ್ಮೆ ಕೇಳಿದ್ದಕ್ಕೆ ‘ಟೈಪು ಮಾಡಿರೆ ಅದು ಎನ್ನ ಅಕ್ಷರ ಅಪ್ಪದು ಹೇಂಗೆ?’ ಎಂದು ಮರುಪ್ರಶ್ನೆ ಹಾಕಿದ್ದರು. ಅವರು ತೀರಿಕೊಂಡ ಅನಂತರ ಆ ಪುಟಗಳನ್ನು ಒಟ್ಟುಮಾಡಲು ಕುಳಿತೆ. ಅಕ್ಷರ ಅವರದೇ ಆಗಿ ಉಳಿದಿತ್ತು. ಆದರೆ ಕುಮಾರಧಾರೆಯ ನೆರೆಯ ಬಗ್ಗೆ ಅವರು ಬರೆದಿದ್ದ ಪುಟವನ್ನು ಹುಡುಕಲು ‘ನೆರೆ’ ಎಂದು ಎಷ್ಟು ಸಲ ಒತ್ತಿದರೂ ಫೋನು ಒಂದನ್ನೂ ತೋರಿಸಲಿಲ್ಲ. ಫೋನು ಬದಲಾಯಿಸಿದವರ ಬಳಿ ಚಿತ್ರಗಳೇ ಇರಲಿಲ್ಲ. ಇದ್ದವರ ಬಳಿಯೂ ಕೆಲವು ಪುಟಗಳು ಮಸುಕಾಗಿ, ಒತ್ತಕ್ಷರ ಯಾವುದೆಂದು ತಿಳಿಯದಂತಾಗಿದ್ದವು.

ಪುತ್ತೂರು, ಸುಳ್ಯ, ಕಡಬ ಪರಿಸರದಲ್ಲಿ ಇಂತಹ ಬರಹ ಅಪರೂಪದ್ದೇನಲ್ಲ. ತುಳು, ಹವ್ಯಕ ಕನ್ನಡ, ಅರೆಭಾಷೆ, ಬ್ಯಾರಿ, ಮಲಯಾಳ, ಕೊಂಕಣಿ, ಮರಾಠಿ ಮೂಲದ ಮನೆಮಾತುಗಳು ಒಂದೇ ಪೇಟೆಯಲ್ಲಿ ಕೇಳಿಸುವ ಈ ಪ್ರದೇಶದಲ್ಲಿ ಬರಹಕ್ಕೆ ಮಾತ್ರ ಬಹುಪಾಲು ಕನ್ನಡ ಲಿಪಿ ಒಂದೇ ಆಸರೆ. ಶಾಲೆಯ ಕನ್ನಡವನ್ನು ಕೀಲಿಮಣೆಯಲ್ಲಿ ಸರಾಗವಾಗಿ ಒತ್ತುವವರೂ ಮನೆಮಾತನ್ನು ಬರೆಯುವಾಗ ಕೈಬರಹದ ಕಡೆಗೆ ವಾಲುವುದನ್ನು ನಾನು ಮತ್ತೆಮತ್ತೆ ಕಂಡಿದ್ದೇನೆ. ಇದನ್ನು ಹಳೆಯ ತಲೆಮಾರಿನ ಮೊಂಡುತನವೆಂದೋ ಹೊಸ ತಲೆಮಾರಿನ ಶೋಕಿಯೆಂದೋ ತಳ್ಳಿಹಾಕುವುದು ಸುಲಭ. ಆ ಬರಹ ಮಾಡುತ್ತಿರುವ ಭಾಷಿಕ ಕೆಲಸವೇನು, ಅದು ಕೆಡಿಸುತ್ತಿರುವುದೇನು ಎಂಬೆರಡನ್ನೂ ಪ್ರಸ್ತುತ ಲೇಖನವು ಪರಿಶೀಲಿಸುತ್ತದೆ.

2

ಮೊದಲು ಪದದ ವಿಷಯ. ‘ಡಿಜಿಟಲ್ ಕೈಬರಹ’ ಎಂಬ ಒಂದೇ ಹೆಸರಿನಡಿ ನಾಲ್ಕು ಬೇರೆಬೇರೆ ವಸ್ತುಗಳು ಸೇರಿಕೊಂಡಿವೆ. ಕಾಗದದ ಮೇಲಿನ ಬರಹದ ಛಾಯಾಚಿತ್ರ ಒಂದು. ಸ್ಟೈಲಸ್ಸಿನ ಚಲನೆಯನ್ನು ಯಂತ್ರವು ಬಿಂದುಗಳ ಸರಣಿಯಾಗಿ ಹಿಡಿದಿಟ್ಟುಕೊಳ್ಳುವ ಡಿಜಿಟಲ್ ಮಸಿ ಇನ್ನೊಂದು. ಬೆರಳಿನಿಂದ ಬರೆದುದನ್ನು ಯಂತ್ರವೇ ಗುರುತಿಸಿ ಅಚ್ಚಿನ ಅಕ್ಷರವಾಗಿ ಮಾರ್ಪಡಿಸುವುದು ಮೂರನೆಯದು; ಇಲ್ಲಿ ಕೈಬರಹವು ಕೀಲಿಮಣೆಯ ಬದಲಿಗೆ ಬಂದ ಒಂದು ಸಾಧನ ಮಾತ್ರ, ಓದುಗರ ಮುಂದೆ ಬರುವುದು ಸಾಮಾನ್ಯ ಪಠ್ಯವೇ. ಒಬ್ಬರ ಕೈಬರಹವನ್ನು ಆಧರಿಸಿ ತಯಾರಿಸಿದ ಅಕ್ಷರಶೈಲಿ ನಾಲ್ಕನೆಯದು. ಗುಣಿತ ಮತ್ತು ಒತ್ತಕ್ಷರಗಳಿಂದಾಗಿ ಕನ್ನಡದಲ್ಲಿ ಇದು ಬಹಳ ಶ್ರಮದ ಕೆಲಸ, ಮಾಡಿದರೂ ಪ್ರತಿ ‘ಕ’ವೂ ಇನ್ನೊಂದು ‘ಕ’ದ ಪಡಿಯಚ್ಚಾಗಿರುವುದರಿಂದ ಕೈಯ ಗುಣ ಅದರಲ್ಲಿ ಉಳಿಯುವುದು ಅಷ್ಟಕ್ಕಷ್ಟೆ. ಈ ಲೇಖನದ ಕಾಳಜಿ ಮೊದಲ ಎರಡರ ಬಗ್ಗೆ. ಮೂರನೆಯದು ವಾದದ ಅಗತ್ಯಕ್ಕೆ ತಕ್ಕಷ್ಟು ಬರುತ್ತದೆ.

ಭಾಷಾವಿಜ್ಞಾನದಲ್ಲಿ ಕೈಬರಹವೆಂಬ ವಿಷಯಕ್ಕೆ ಸಿಕ್ಕ ಗಮನ ಕಡಮೆ, ಮತ್ತು ಅದಕ್ಕೆ ಸೈದ್ಧಾಂತಿಕ ಕಾರಣವಿದೆ. 1916ರಲ್ಲಿ ಪ್ರಕಟವಾದ ಸಸ್ಯೂರ್ ಉಪನ್ಯಾಸಗಳ ನಿಲುವಿನಂತೆ, ಲಿಪಿಚಿಹ್ನೆಯನ್ನು ಯಾವ ಸಾಧನದಿಂದ, ಯಾವ ಬಣ್ಣದಲ್ಲಿ ಮೂಡಿಸಿದರೂ ವ್ಯವಸ್ಥೆಯೊಳಗಿನ ಅದರ ಮೌಲ್ಯ ಬದಲಾಗದು. ನೆಲ್ಸನ್ ಗುಡ್‌ಮನ್ 1968ರಲ್ಲಿ ಮಾಡಿದ ವಿಂಗಡಣೆಯೂ ಇದೇ ದಿಕ್ಕಿನದು: ವರ್ಣಚಿತ್ರದ ಅಸ್ಮಿತೆ ಅದನ್ನು ಬರೆದ ಕೈಗೆ ಅಂಟಿಕೊಂಡಿರುತ್ತದೆ, ಸಾಹಿತ್ಯಕೃತಿಯದು ಹಾಗಲ್ಲ, ಅಕ್ಷರಗಳ ಅನುಕ್ರಮ ತಪ್ಪದಿದ್ದರೆ ಯಾವ ಪ್ರತಿಯಾದರೂ ಅದು ಅದೇ ಕೃತಿ. ಈ ಎರಡು ನಿಲುವುಗಳೂ ಒಂದು ಊಹೆಯ ಮೇಲೆ ನಿಂತಿವೆ. ಬರಹದ ಘಟಕಗಳ ಪಟ್ಟಿ ಮೊದಲೇ ನಿರ್ಧಾರವಾಗಿದೆ, ಬರೆಯುವವರು ಆ ಪಟ್ಟಿಯಿಂದ ಆಯ್ದುಕೊಳ್ಳುತ್ತಾರೆ ಅಷ್ಟೆ, ಎಂಬುದು ಆ ಊಹೆ. ಶಿಷ್ಟ ಕನ್ನಡದ ಮಟ್ಟಿಗೆ ಈ ಊಹೆ ಹೆಚ್ಚುಕಡಮೆ ನಡೆಯುತ್ತದೆ. ತುಳುವಿನ ವಿಷಯಕ್ಕೆ ಬಂದಾಗ ಮುಗ್ಗರಿಸುತ್ತದೆ.

3

ತುಳುವಿನ ಸ್ವರವ್ಯವಸ್ಥೆಯನ್ನು ಕನ್ನಡ ಲಿಪಿ ಪೂರ್ತಿಯಾಗಿ ಹಿಡಿಯುವುದಿಲ್ಲವೆಂಬುದು ಈ ನಿಯತಕಾಲಿಕದ ಓದುಗರಿಗೆ ಹೊಸ ಸುದ್ದಿಯಲ್ಲ. ಪದಾಂತ್ಯದಲ್ಲಿ ಬರುವ ಎರಡು ಬಗೆಯ ಎಕಾರಗಳು ತುಳುವಿನಲ್ಲಿ ಅರ್ಥಭೇದಕ. ‘ಆಯೆ ಕಲ್ಪುವೆ’ ಎಂದರೆ ಅವನು ಕಲಿಯುತ್ತಾನೆ. ‘ಯಾನ್ ಕಲ್ಪುವೆ’ ಎಂದರೆ ನಾನು ಕಲಿಯುತ್ತೇನೆ. ಎರಡನೆಯದರ ಕೊನೆಯ ಸ್ವರ ಹೆಚ್ಚು ವಿವೃತ. ಮಾತಿನಲ್ಲಿ ಆ ವ್ಯತ್ಯಾಸವೇ ಪುರುಷವನ್ನು ಸೂಚಿಸುತ್ತದೆ. ಕನ್ನಡ ಲಿಪಿಯಲ್ಲಿ ಎರಡೂ ಒಂದೇ. ಸರ್ವನಾಮ ಇದ್ದರೆ ತೊಂದರೆಯಿಲ್ಲ. ಆದರೆ ಸರ್ವನಾಮವನ್ನು ಬಿಟ್ಟು ಮಾತಾಡುವುದು ತುಳುವರ ಅಭ್ಯಾಸ, ಕಥನದಲ್ಲಂತೂ ವಾಕ್ಯದ ಮೇಲೆ ವಾಕ್ಯ ಹಾಗೆಯೇ ಸಾಗುತ್ತದೆ. ಅಚ್ಚಿನಲ್ಲಿ ಓದುವವರು ಹಿಂದೆಮುಂದೆ ನೋಡಿ ‘ನಾನೋ ಅವನೋ’ ಎಂದು ತೀರ್ಮಾನಿಸಬೇಕಾಗುತ್ತದೆ.

ಇನ್ನೊಂದು ಸಮಸ್ಯೆ ಸಂವೃತ ಉಕಾರದ್ದು. ಮನೆ ಎಂಬರ್ಥದ ಪದವನ್ನು ‘ಇಲ್ಲ್’ ಎಂದು ವ್ಯಂಜನಾಂತವಾಗಿ ಬರೆಯುವವರಿದ್ದಾರೆ, ‘ಇಲ್ಲು’ ಎಂದು ಉಕಾರಾಂತವಾಗಿ ಬರೆಯುವವರಿದ್ದಾರೆ. ಒಂದರಲ್ಲಿ ಇರುವ ಸ್ವರ ಇಲ್ಲವಾಗುತ್ತದೆ, ಇನ್ನೊಂದರಲ್ಲಿ ಇಲ್ಲದ ಓಷ್ಠ್ಯತೆ ಬಂದು ಸೇರುತ್ತದೆ. ಗಡಿಯಾಚೆಯ ಮಲಯಾಳ ಲಿಪಿ ಚಂದ್ರಕಲೆಯ ಮೂಲಕ ಇದನ್ನು ನಿಭಾಯಿಸಿಕೊಂಡಿದೆ. ಕನ್ನಡದ ಕೀಲಿಮಣೆಯಲ್ಲಿ ಅದೇ ಉಪಾಯ ಮಾಡಹೋದರೆ, ಪದಮಧ್ಯದಲ್ಲಿ ವಿರಾಮಚಿಹ್ನೆಯ ಮುಂದೆ ಬಂದ ವ್ಯಂಜನ ತಟ್ಟನೆ ಒತ್ತಾಗಿ ಕೆಳಗಿಳಿಯುತ್ತದೆ. ಅದನ್ನು ತಡೆಯಲು ಕಣ್ಣಿಗೆ ಕಾಣದ ಬೇರ್ಪಡಿಕೆಯ ಸಂಕೇತವೊಂದನ್ನು ನಡುವೆ ಹಾಕಬೇಕು. ಅಂಥದೊಂದು ಇದೆಯೆಂದು ಸಾಮಾನ್ಯ ಬರಹಗಾರರಿಗೆ ಯಾರು ಹೇಳಿಕೊಟ್ಟಿದ್ದಾರೆ?

ಕೈಬರಹದಲ್ಲಿ ಈ ಯಾವ ಕಷ್ಟವೂ ಇಲ್ಲ. ವಿವೃತ ಎಕಾರದ ಮೇಲೊಂದು ಚುಕ್ಕೆ, ಸಂವೃತ ಉಕಾರಕ್ಕೆ ಕೊಂಬಿನ ಬದಲು ಸಣ್ಣದೊಂದು ಕೊಕ್ಕೆ — ಬರೆಯುವವರು ತಮಗೆ ಬೇಕಾದ ಗುರುತನ್ನು ತಾವೇ ಹಾಕಿಕೊಳ್ಳುತ್ತಾರೆ, ಮೊದಲ ಪುಟದ ಮೇಲ್ತುದಿಯಲ್ಲಿ ಅದರ ಅರ್ಥವನ್ನು ಬರೆದರಾಯಿತು. ನನ್ನ ಕಣ್ಣಿಗೆ ಬಿದ್ದ ಕೆಲವು ತುಳು ಪುಟಗಳಲ್ಲಿ ಇಂತಹ ಗುರುತುಗಳು ಸಾಕಷ್ಟು ಕ್ರಮಬದ್ಧವಾಗಿ ಬಂದಿವೆ. ಭಾಷಾವಿಜ್ಞಾನದ ತರಬೇತಿಯಿಲ್ಲದ ಮಾತುಗಾರರು ತಮ್ಮ ಭಾಷೆಯ ಧ್ವನಿಮಾ ಭೇದವನ್ನು ಗುರುತಿಸಿ ಅದಕ್ಕೆ ಚಿಹ್ನೆ ಕಲ್ಪಿಸಿದ ಈ ದಾಖಲೆಗಳು ನಮ್ಮ ಶಾಸ್ತ್ರಕ್ಕೆ ಅಮೂಲ್ಯ. ಲಿಪಿಮಾ ಪಟ್ಟಿ ಮೊದಲೇ ಮುಚ್ಚಿದೆಯೆಂಬ ಊಹೆ ಇಲ್ಲಿ ಸುಳ್ಳಾಗುತ್ತದೆ. ಲಿಪಿ ಸುಧಾರಣೆಯ ಬಗ್ಗೆ ನಮ್ಮಲ್ಲಿ ನಡೆದ ಚರ್ಚೆಗಳೆಲ್ಲ, ಡಿ.ಎನ್. ಶಂಕರ ಭಟ್ಟರ ಹೊಸ ಬರಹದ ಪ್ರಸ್ತಾವವೂ ಸೇರಿ, ಇಡೀ ಸಮುದಾಯ ಒಪ್ಪಿದರೆ ಮಾತ್ರ ಜಾರಿಗೆ ಬರುವಂಥವು. ಕೈಬರಹದ ಸುಧಾರಣೆಗೆ ಯಾರ ಅನುಮತಿಯೂ ಬೇಡ. ಅದರ ಬಲವೂ ದೌರ್ಬಲ್ಯವೂ ಅದೇ.

ಹವ್ಯಕ ಮತ್ತು ಅರೆಭಾಷೆಯ ಬರಹಗಾರರ ಕಷ್ಟ ಬೇರೆ. ಕೋಡಿ ಕುಶಾಲಪ್ಪ ಗೌಡರು 1970ರಲ್ಲೇ ಗೌಡ ಕನ್ನಡದ ವರ್ಣನಾತ್ಮಕ ಅಧ್ಯಯನವನ್ನು ಪ್ರಕಟಿಸಿದ್ದರೂ, 2011ರಲ್ಲಿ ಅರೆಭಾಷೆಗೆ ಪ್ರತ್ಯೇಕ ಅಕಾಡೆಮಿ ಸ್ಥಾಪನೆಯಾಗಿದ್ದರೂ, ಫೋನಿನ ಕೀಲಿಮಣೆಗೆ ಗೊತ್ತಿರುವುದು ಒಂದೇ ಕನ್ನಡ. ನಾನು ‘ಆನು’ ಎಂದು ಒತ್ತಿದರೆ ನನ್ನ ಫೋನಿನ ಸೂಚನಾಪಟ್ಟಿಯಲ್ಲಿ ಆನೆ ಬಂದು ನಿಲ್ಲುತ್ತದೆ. ‘ಎನಗೆ’ ಎಂದರೆ ‘ನನಗೆ’ ಬೇಕೆ ಎಂದು ಕೇಳುತ್ತದೆ. ‘ನಿಂಗೊ’ ಅದಕ್ಕೆ ಯಾವ ಭಾಷೆಯೆಂದೇ ತಿಳಿಯದು. ಒಂದೆರಡು ಸಲ ನಗಬಹುದು. ಪುಟಗಟ್ಟಲೆ ಬರೆಯುವವರಿಗೆ ಪ್ರತಿ ಸಾಲಿನಲ್ಲೂ ‘ನಿನ್ನ ಮಾತು ತಪ್ಪು’ ಎಂದು ಯಾರೋ ಪಕ್ಕದಲ್ಲಿ ಕುಳಿತು ಹೇಳಿದಂತಾಗುತ್ತದೆ. ಯಂತ್ರವು ಕೈಬರಹವನ್ನು ಗುರುತಿಸುವ ಮೂರನೆಯ ಬಗೆಯಿಂದಲೂ ಇದಕ್ಕೆ ಬಿಡುಗಡೆಯಿಲ್ಲ. ಗೂಗಲ್ ಸಂಶೋಧಕರು 102 ಭಾಷೆಗಳ ಕೈಬರಹವನ್ನು ಗುರುತಿಸುವ ತಮ್ಮ ವ್ಯವಸ್ಥೆಯ ಬಗ್ಗೆ 2020ರಲ್ಲಿ ಪ್ರಕಟಿಸಿದ ಪ್ರಬಂಧ ತಿಳಿಸುವಂತೆ, ಗೀಟುಗಳ ಆಕಾರದ ಜತೆಗೆ ಭಾಷಾ ಮಾದರಿಯೂ ತೀರ್ಮಾನದಲ್ಲಿ ಪಾಲುಗೊಳ್ಳುತ್ತದೆ. ಅಂದರೆ ಅಸ್ಪಷ್ಟ ಅಕ್ಷರ ಬಂದಾಗ ಯಂತ್ರವು ತಾನು ಹೆಚ್ಚು ಕಂಡಿರುವ ಭಾಷೆಯ ಕಡೆಗೆ ವಾಲುತ್ತದೆ. ಸುಳ್ಯದ ಅರೆಭಾಷೆಯನ್ನು ಅದು ಎಷ್ಟು ಕಂಡಿದ್ದೀತು ಎಂಬುದನ್ನು ಓದುಗರ ಊಹೆಗೆ ಬಿಡುತ್ತೇನೆ.

ಆದ್ದರಿಂದ ಕೈಬರಹದ ಆಕರ್ಷಣೆಯನ್ನು ಕೇವಲ ಭಾವುಕತೆಯೆನ್ನಲಾಗದು. ತಿದ್ದುವವರಿಲ್ಲದ ಜಾಗವೊಂದನ್ನು ಅದು ಒದಗಿಸುತ್ತದೆ. ದುಂಡಗಿನ ಅಕ್ಷರವೆಂಬ ಹೊಗಳಿಕೆ, ಮುಪ್ಪಿನಲ್ಲಿ ನಡುಗುವ ಗೀಟು, ಸಿಟ್ಟಿನಲ್ಲಿ ಬರೆದಾಗ ಓರೆಯಾಗುವ ಸಾಲು ಇವೆಲ್ಲ ಅದರೊಡನೆ ಬರುವ ಲಾಭಗಳು. ಅವನ್ನು ಬಂಧುಗಳು ಗುರುತಿಸುತ್ತಾರೆ, ಗುರುತಿಸಿ ಸಂತೋಷಪಡುತ್ತಾರೆ. ಅದರ ಬಗ್ಗೆ ಶಾಸ್ತ್ರ ಹೆಚ್ಚು ಹೇಳಬೇಕಾದ್ದಿಲ್ಲ.

4

ತುಳು ಲಿಪಿಯ ಪ್ರಸಂಗವನ್ನು ಪ್ರತ್ಯೇಕವಾಗಿ ನೋಡಬೇಕು. ಇಲ್ಲಿ ಕೈಬರಹವು ಬಹುಕಾಲ ಆಯ್ಕೆಯಾಗಿರಲಿಲ್ಲ, ಅನಿವಾರ್ಯವಾಗಿತ್ತು. ವೆಂಕಟರಾಜ ಪುಣಿಂಚತ್ತಾಯರಂತಹ ವಿದ್ವಾಂಸರು ಓಲೆಗರಿಗಳಿಂದ ತುಳು ಕಾವ್ಯಗಳನ್ನು ಬೆಳಕಿಗೆ ತಂದ ಮೇಲೆ ಆ ಲಿಪಿಯ ಬಗ್ಗೆ ಹೊಸ ಆಸಕ್ತಿ ಹುಟ್ಟಿತು. ಕಲಿಕೆಯ ತರಗತಿಗಳು ನಡೆದವು, ನಾಮಫಲಕಗಳು ಬಂದವು. ಆದರೆ ಯುನಿಕೋಡ್‌ನಲ್ಲಿ ಸ್ಥಾನವಿಲ್ಲದ ಲಿಪಿಯನ್ನು ಫೋನಿನಲ್ಲಿ ಬರೆಯುವ ಬಗೆ ಹೇಗೆ? ಕನ್ನಡದ ಸಂಕೇತಸ್ಥಾನಗಳ ಮೇಲೆ ತುಳು ಅಕ್ಷರಗಳ ರೂಪವನ್ನು ಕೂರಿಸಿದ ಅಕ್ಷರಶೈಲಿಯನ್ನು ಬಳಸುವುದು ಒಂದು ದಾರಿ. ಆ ಅಕ್ಷರಶೈಲಿ ಇಲ್ಲದ ಫೋನಿನಲ್ಲಿ ತೆರೆದರೆ ತುಳು ಲಿಪಿಯ ವೇಷ ಕಳಚಿ ಕನ್ನಡ ಅಕ್ಷರಗಳು ಕಾಣುತ್ತಿದ್ದವು. ಇನ್ನೊಂದು ದಾರಿ, ಕೈಯಿಂದ ಬರೆದು ಚಿತ್ರವಾಗಿ ಕಳುಹಿಸುವುದು. ಹಬ್ಬದ ಶುಭಾಶಯದಿಂದ ಹಿಡಿದು ಕವಿತೆಯವರೆಗೆ ಈ ಲಿಪಿಯ ಸಮಕಾಲೀನ ಬರಹದ ಬಹುಭಾಗ ಹಾಗೆ ಹರಡಿದ್ದು.

ವೈಷ್ಣವಿ ಮೂರ್ತಿ ಮತ್ತು ವಿನೋದ್ ರಾಜನ್ ಅವರು 2017ರಲ್ಲಿ ಸಲ್ಲಿಸಿದ ಪ್ರಾಥಮಿಕ ಪ್ರಸ್ತಾವ, ಅನಂತರದ ಪರಿಷ್ಕರಣೆಗಳು, ಹೆಸರಿನ ಕುರಿತ ಜಗ್ಗಾಟ ಇವೆಲ್ಲ ಕಳೆದು 2024ರ ಸೆಪ್ಟೆಂಬರ್‌ನಲ್ಲಿ ಹೊರಬಂದ ಯುನಿಕೋಡ್ 16.0 ಆವೃತ್ತಿಯಲ್ಲಿ ‘ತುಳು-ತಿಗಳಾರಿ’ ಎಂಬ ಜೋಡಿ ಹೆಸರಿನಡಿ 80 ಸಂಕೇತಗಳು ಸೇರ್ಪಡೆಯಾದವು. ಈ ವಿಭಾಗದ ಒಳರಚನೆ ನಮ್ಮ ಚರ್ಚೆಗೆ ಪ್ರಸ್ತುತ. ಸಾಮಾನ್ಯ ವಿರಾಮಚಿಹ್ನೆ, ಅಕ್ಷರಕ್ಕೆ ಸುತ್ತಿಕೊಳ್ಳುವ ಕುಣಿಕೆ ವಿರಾಮಚಿಹ್ನೆ, ಒತ್ತಕ್ಷರವನ್ನು ಕೂಡಿಸುವ ಚಿಹ್ನೆ ಇವು ಮೂರಕ್ಕೂ ಬೇರೆಬೇರೆ ಸಂಕೇತಗಳಿವೆ. ರೇಫಕ್ಕೂ ತನ್ನದೇ ಸ್ಥಾನವಿದೆ. ಹಸ್ತಪ್ರತಿಕಾರರ ಕೈ ತೋರಿಸಿದ ಭೇದಗಳನ್ನು ಸಂಕೇತಪಟ್ಟಿ ಗೌರವಿಸಿದ ಉದಾಹರಣೆಯಿದು.

ಕನ್ನಡದ ವಿಭಾಗ ಇಷ್ಟು ಉದಾರವಾಗಿಲ್ಲ. ‘ಸೂರ್ಯ’ ಎಂದು ಅರ್ಕಾವೊತ್ತಿನಿಂದ ಬರೆಯುವುದೂ ‘ಸೂರ‍್ಯ’ ಎಂದು ರಕಾರಕ್ಕೆ ಯಕಾರದ ಒತ್ತು ಕೊಟ್ಟು ಬರೆಯುವುದೂ ಪೆನ್ನು ಹಿಡಿದವರಿಗೆ ಸಮಾನ ಸುಲಭ. ಎರಡಕ್ಕೂ ನಮ್ಮಲ್ಲಿ ಬಳಕೆಯ ಇತಿಹಾಸವಿದೆ. ಯುನಿಕೋಡ್‌ನಲ್ಲಿ ಮೊದಲನೆಯದು ಸಹಜ ರೂಪ, ಎರಡನೆಯದಕ್ಕೆ ಕಾಣದ ಸಂಕೇತವೊಂದರ ನೆರವು ಬೇಕು. ಅರ್ಕಾವೊತ್ತನ್ನು ಕೈ ಬರೆಯುವುದು ವ್ಯಂಜನದ ಅನಂತರ, ಯಂತ್ರ ದಾಖಲಿಸುವುದು ವ್ಯಂಜನದ ಮೊದಲು. ಬರೆಯುವ ಕ್ರಮಕ್ಕೂ ಉಚ್ಚರಿಸುವ ಕ್ರಮಕ್ಕೂ ನಡುವೆ ಸಂಕೇತೀಕರಣವು ಉಚ್ಚಾರಣೆಯ ಪಕ್ಷ ವಹಿಸಿದೆ. ತಪ್ಪೆನ್ನುತ್ತಿಲ್ಲ, ವಿಂಗಡಣೆ, ಹುಡುಕಾಟ ಎರಡಕ್ಕೂ ಅದು ಅನುಕೂಲವೇ. ಆದರೆ ಅದೊಂದು ಪಕ್ಷವೆಂಬುದು ನಮಗೆ ನೆನಪಿರಬೇಕು.

ತುಳು ಲಿಪಿಗೆ ಸಂಕೇತ ಸಿಕ್ಕ ಮೇಲೂ ಹಿಂದಿನ ವರ್ಷಗಳ ಚಿತ್ರಗಳು ಚಿತ್ರಗಳಾಗಿಯೇ ಉಳಿದಿವೆ. ಆ ಲಿಪಿಯ ಪುನರುಜ್ಜೀವನದ ಮೊದಲ ಹಂತದಲ್ಲಿ ಜನ ಯಾವ ಅಕ್ಷರವನ್ನು ಹೇಗೆ ಬರೆದರು, ಓಲೆಗರಿಯ ರೂಪಕ್ಕೂ ತರಗತಿಯಲ್ಲಿ ಕಲಿಸಿದ ರೂಪಕ್ಕೂ ನಡುವೆ ಎಲ್ಲಿ ಭಿನ್ನರಾದರು ಎಂಬುದಕ್ಕೆ ಅವೇ ಸಾಕ್ಷ್ಯ. ಅವುಗಳ ಸಂಗ್ರಹ ಯಾರ ಹೊಣೆ?

5

ಕೊರತೆಗಳ ಮಾತಿಗೆ ಬರೋಣ. ಕಣ್ಣಿಗೆ ಕಾಣುವ ತೊಂದರೆಗಳನ್ನು ಬೇಗ ಹೇಳಿ ಮುಗಿಸಬಹುದು. ಚಿತ್ರದಲ್ಲಿರುವ ಸಾಲು ತೆರೆಯ ಅಗಲಕ್ಕೆ ತಕ್ಕಂತೆ ಮುರಿದುಕೊಳ್ಳುವುದಿಲ್ಲ. ಬೆರಳಿನಿಂದ ಹಿಗ್ಗಿಸಿ, ಎಡಕ್ಕೂ ಬಲಕ್ಕೂ ಜರುಗಿಸಿ ಓದಬೇಕು. ಅಕ್ಷರ ಕಾಗೆಕಾಲು ಗುಬ್ಬಿಕಾಲಾಗಿದ್ದರೆ ಬಂಧುಗಳಲ್ಲದವರು ಎರಡನೆಯ ಪುಟಕ್ಕೆ ಹೋಗುವುದಿಲ್ಲ. ಕಳುಹಿಸುವಾಗ ತಂತ್ರಾಂಶವು ಚಿತ್ರವನ್ನು ಕುಗ್ಗಿಸುತ್ತದೆ. ಕನ್ನಡದಲ್ಲಿ ಇಂತಹ ಕುಗ್ಗುವಿಕೆಗೆ ಮೊದಲು ಬಲಿಯಾಗುವುದು ಒತ್ತಕ್ಷರ, ಅದರಲ್ಲೂ ದುಂಡು ಪೂರ್ತಿಯಾಗದೆ ಬರೆದ ತವೊತ್ತು, ನವೊತ್ತುಗಳು. ಒಂದು ವಾಕ್ಯವನ್ನು ಉದ್ಧರಿಸಬೇಕಾದವರು ಮತ್ತೆ ಟೈಪು ಮಾಡಬೇಕು, ಟೈಪು ಮಾಡುವಾಗ ಮೇಲೆ ಹೇಳಿದ ಕೀಲಿಮಣೆಯ ತಿದ್ದುಪಡಿಗಳೆಲ್ಲ ಒಳನುಗ್ಗುತ್ತವೆ. ಹೀಗೆ ಮೂಲ ಬರಹಗಾರರು ತಪ್ಪಿಸಿಕೊಂಡ ಶಿಷ್ಟೀಕರಣವು ಅವರನ್ನು ಉದ್ಧರಿಸುವವರ ಕೈಯಲ್ಲಿ ನಡೆದುಹೋಗುತ್ತದೆ.

ದೃಷ್ಟಿದೋಷವುಳ್ಳ ಓದುಗರ ವಿಷಯ ಇದಕ್ಕಿಂತ ಗಂಭೀರ. ಪಠ್ಯವನ್ನು ಗಟ್ಟಿಯಾಗಿ ಓದಿಹೇಳುವ ತಂತ್ರಾಂಶಗಳು ಈಗ ಕನ್ನಡದಲ್ಲಿವೆ. ಕೈಬರಹದ ಚಿತ್ರದ ಮುಂದೆ ಅವು ‘ಚಿತ್ರ’ ಎಂದಷ್ಟೇ ಹೇಳಿ ಸುಮ್ಮನಾಗುತ್ತವೆ. ಪಠ್ಯವನ್ನು ಚಿತ್ರವಾಗಿಸಿ ಕೊಡಬಾರದೆಂಬುದು ಅಂತರರಾಷ್ಟ್ರೀಯ ಪ್ರವೇಶಸಾಧ್ಯತಾ ಮಾನದಂಡಗಳಲ್ಲಿ 2008ರಿಂದಲೇ ಇದೆ; ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೂ ಮಾಹಿತಿಯ ಲಭ್ಯತೆಯನ್ನು ಹಕ್ಕಿನ ಪರಿಧಿಗೆ ತಂದಿದೆ. ಮನೆಯ ಬಳಗದಲ್ಲಿ ಬರೆಯುವವರಿಗೆ ಕಾಯ್ದೆ ತೋರಿಸಬೇಕಿಲ್ಲ. ಆದರೆ ಸಂಸ್ಥೆಗಳು, ಅಕಾಡೆಮಿಗಳು, ಕಾಲೇಜಿನ ವಿಭಾಗಗಳು ಕೈಬರಹದ ಪುಟವನ್ನೇ ಪ್ರಕಟಣೆಯೆಂದು ಹೊರಡಿಸಿದಾಗ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾಗದು.

ಮೂರನೆಯ ಕೊರತೆ ಸಂಶೋಧಕರದು. ಇಲ್ಲಿ ಆಪಾದನೆ ನನ್ನ ಮೇಲೆಯೇ ಬರುತ್ತದೆ. ಡಾಕ್ಟರೇಟ್ ಅಧ್ಯಯನಕ್ಕಾಗಿ ಪ್ರಾದೇಶಿಕ ಕನ್ನಡದ ಅನೌಪಚಾರಿಕ ಬರಹಗಳ ಪಠ್ಯಕೋಶವನ್ನು ಕಟ್ಟಿದಾಗ ನಾನು ಟೈಪು ಮಾಡಿದ ಬರಹಗಳನ್ನಷ್ಟೇ ತೆಗೆದುಕೊಂಡೆ. ಚಿತ್ರಗಳನ್ನು ಬಿಟ್ಟದ್ದಕ್ಕೆ ‘ದತ್ತಾಂಶ ಶುದ್ಧೀಕರಣ’ ಎಂಬ ಗೌರವಾನ್ವಿತ ಹೆಸರು ಕೊಟ್ಟಿದ್ದೆ. ಯಾರೂ ಆಕ್ಷೇಪಿಸಲಿಲ್ಲ, ನನಗೂ ಏನೂ ಅನ್ನಿಸಲಿಲ್ಲ. ಬಹಳ ತಡವಾಗಿ, ಬಿಟ್ಟುಹೋದ ಆ ಚಿತ್ರಗಳತ್ತ ಮತ್ತೆ ತಿರುಗಿದಾಗ ಕಂಡದ್ದೇನೆಂದರೆ, ಅವುಗಳಲ್ಲಿ ಹೆಚ್ಚಿನವು ವಯಸ್ಸಾದವರವು, ಅದರಲ್ಲೂ ಪ್ರಾಥಮಿಕ ಶಾಲೆಯಲ್ಲಿ ಓದು ನಿಲ್ಲಿಸಿದ ಹೆಂಗಸರವು. ಅಡುಗೆ, ಮದ್ದು, ನಾಟಿ, ಹಾಡುಗಳ ಶಬ್ದಸಂಪತ್ತು ಇದ್ದದ್ದು ಅಲ್ಲಿ. ನನ್ನ ಪಠ್ಯಕೋಶದ ಹವ್ಯಕ ಕನ್ನಡವು ಕೀಲಿಮಣೆ ಬಲ್ಲ, ನಗರದಲ್ಲಿ ಕೆಲಸ ಮಾಡುವ, ಬಹುಮಟ್ಟಿಗೆ ಗಂಡಸರ ಹವ್ಯಕ ಕನ್ನಡವಾಗಿತ್ತು; ಅದನ್ನು ಆಧರಿಸಿ ‘ಈ ರೂಪ ಬಳಕೆಯಿಂದ ಮರೆಯಾಗುತ್ತಿದೆ’ ಎಂದು ನಾನು ಬರೆದ ಕೆಲವು ಮಾತುಗಳನ್ನು ಈಗ ಅದೇ ಧೈರ್ಯದಿಂದ ಬರೆಯಲಾರೆ. ಇಂದು ಸಿದ್ಧವಾಗುತ್ತಿರುವ ದೊಡ್ಡ ಪಠ್ಯಕೋಶಗಳ ಮೇಲೆಯೂ ಇದೇ ನೆರಳಿದೆ. ಕನ್ನಡ ಲಿಪಿಯಲ್ಲಿ 2016ರಿಂದ ನಡೆಯುತ್ತಿರುವ ತುಳು ವಿಕಿಪೀಡಿಯದಂತಹ ಟೈಪು ಮಾಡಿದ ಆಕರಗಳು ನಾಳಿನ ಭಾಷಾ ತಂತ್ರಜ್ಞಾನಕ್ಕೆ ‘ತುಳು’ ಆಗುತ್ತವೆ. ಚುಕ್ಕೆಯಿಟ್ಟ ಎಕಾರದ ತುಳು ಆಗುವುದಿಲ್ಲ.

6

ಇಷ್ಟಾದ ಮೇಲೂ ಕೈಬರಹದ ಪರ ನಿಲ್ಲುವವರು ಸಾಮಾನ್ಯವಾಗಿ ಎತ್ತುವ ವಾದ ಅಧಿಕೃತತೆಯದು: ಕೈಬರಹ ಸುಳ್ಳು ಹೇಳದು, ಮನಸ್ಸು ನೇರವಾಗಿ ಹಾಳೆಗೆ ಇಳಿಯುತ್ತದೆ. ಕಾಗದದ ಬಗ್ಗೆ ಇದರಲ್ಲಿ ಸ್ವಲ್ಪ ನಿಜವಿದೆ. ಹೊಡೆದುಹಾಕಿದ ಪದ, ಮೇಲೆ ತುರುಕಿದ ಅಕ್ಷರ, ಅಂಚಿನಲ್ಲಿ ಸೇರಿಸಿದ ವಾಕ್ಯ ಇವೆಲ್ಲ ಕಾಗದದಲ್ಲಿ ಉಳಿಯುತ್ತವೆ. ಗಾಜಿನ ಮೇಲಿನ ಬರಹದಲ್ಲಿ ಉಳಿಯುವುದಿಲ್ಲ. ಎರಡು ಬೆರಳು ತಟ್ಟಿದರೆ ಗೀಟು ಅಳಿಯುತ್ತದೆ. ಒಂದು ಸಾಲನ್ನು ಸುತ್ತುಹಾಕಿ ಎಳೆದು ಬೇರೆಡೆಗೆ ಇಡಬಹುದು. ಚೆನ್ನಾಗಿ ಬಂದ ‘ಶ್ರೀ’ಯನ್ನು ನಕಲುಮಾಡಿ ಪ್ರತಿ ಪುಟಕ್ಕೂ ಅಂಟಿಸಬಹುದು. ನನ್ನ ಸೋದರಮಾವನ ಕಾಗದದ ಪುಟಗಳಲ್ಲಿ ‘ಬೆಳಿ’ ಎಂದು ಬರೆದು ಹೊಡೆದು ‘ಬಿಳಿ’ ಮಾಡಿದ, ಮತ್ತೆ ಅದನ್ನೂ ಹೊಡೆದು ‘ಬೆಳಿ’ ಎಂದೇ ಉಳಿಸಿಕೊಂಡ ಜಾಗವಿದೆ. ಶಿಷ್ಟರೂಪಕ್ಕೂ ಮನೆರೂಪಕ್ಕೂ ನಡುವಿನ ಹೊಯ್ದಾಟಕ್ಕೆ ಅದಕ್ಕಿಂತ ಒಳ್ಳೆಯ ದಾಖಲೆ ನನಗೆ ಸಿಕ್ಕಿಲ್ಲ. ಟ್ಯಾಬ್ಲೆಟ್ ಬಂದ ಮೇಲಿನ ಅವರ ಪುಟಗಳು ನಿಷ್ಕಳಂಕ. ನೋಡಲು ಚೆಂದ, ತೋರಿಸುವುದು ಕಡಮೆ.

ವಿಪರ್ಯಾಸವೆಂದರೆ, ಡಿಜಿಟಲ್ ಮಸಿಗೆ ಕಾಗದವನ್ನು ಮೀರಿಸುವ ಸಾಮರ್ಥ್ಯವಿದೆ. ಲೇಖನಿ ಎಲ್ಲಿ ಮೊದಲು ತಾಗಿತು, ಯಾವ ಗೀಟು ಮೊದಲು ಯಾವುದು ಆಮೇಲೆ, ಎಲ್ಲಿ ತಡೆಯಿತು, ಎಷ್ಟು ಒತ್ತಿತು ಎಂಬುದನ್ನೆಲ್ಲ ಅದು ಹಿಡಿದಿಡಬಲ್ಲದು. ತಲೆಕಟ್ಟನ್ನು ಅಕ್ಷರದ ಒಡಲಿಗೆ ಮೊದಲು ಎಳೆದರೋ ಆಮೇಲೆಯೋ, ದೀರ್ಘವನ್ನು ಪದ ಮುಗಿದ ಮೇಲೆ ಹಿಂತಿರುಗಿ ಬಂದು ಹಾಕಿದರೋ ಎಂಬಂತಹ ಪ್ರಶ್ನೆಗಳಿಗೆ ಕಾಗದ ಉತ್ತರಿಸಲಾರದು, ಡಿಜಿಟಲ್ ಮಸಿ ಉತ್ತರಿಸೀತು. ಇದನ್ನು ಯಂತ್ರದಿಂದ ಯಂತ್ರಕ್ಕೆ ಕೆಡದಂತೆ ಸಾಗಿಸಲು ‘ಇಂಕ್‌ಎಂಎಲ್’ ಎಂಬ ಮುಕ್ತ ರೂಪವನ್ನು ವಿಶ್ವವ್ಯಾಪಿ ಜಾಲ ಒಕ್ಕೂಟವು 2011ರಲ್ಲಿಯೇ ಅಂಗೀಕರಿಸಿದೆ. ಬೆಂಗಳೂರಿನ ಎಚ್‌ಪಿ ಪ್ರಯೋಗಾಲಯದಲ್ಲಿ ರೂಪುಗೊಂಡ ‘ಲಿಪಿ’ ಉಪಕರಣಮಾಲೆ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಜಿ. ರಾಮಕೃಷ್ಣನ್ ಅವರ ಪ್ರಯೋಗಾಲಯ ಕನ್ನಡ ಕೈಬರಹದ ಮೇಲೆ ನಡೆಸಿದ ಕೆಲಸ ಇವೆಲ್ಲ ಇಂತಹ ಗೀಟುಗಳ ದತ್ತಾಂಶವನ್ನು ಅವಲಂಬಿಸಿದವು. ಆದರೆ ಹಂಚಿಕೊಳ್ಳುವ ಗುಂಡಿ ಒತ್ತಿದ ಕ್ಷಣ ಈ ಸಂಪತ್ತೆಲ್ಲ ಚಪ್ಪಟೆಯಾಗಿ ಒಂದು ಚಿತ್ರವಾಗುತ್ತದೆ. ನನ್ನ ಮುಖ್ಯ ಆಕ್ಷೇಪ ಇರುವುದು ಇಲ್ಲಿ. ಈಗಿನ ರೂಢಿಯಲ್ಲಿ ನಮಗೆ ದಕ್ಕುತ್ತಿರುವ ವಸ್ತು ಪಠ್ಯದ ಅನುಕೂಲವನ್ನೂ ಕಳೆದುಕೊಂಡಿದೆ, ಮಸಿಯ ಸಾಕ್ಷ್ಯವನ್ನೂ ಕಳೆದುಕೊಂಡಿದೆ.

ಕೈಬರಹವೇ ಪ್ರಕಟಣೆಯಾದ ಹಳೆಯ ನಿದರ್ಶನಗಳೊಂದಿಗೆ ಹೋಲಿಸಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಚೆನ್ನೈನಲ್ಲಿ 1927ರಲ್ಲಿ ಆರಂಭವಾದ ‘ದ ಮುಸಲ್ಮಾನ್’ ಉರ್ದು ದಿನಪತ್ರಿಕೆಯನ್ನು ಕಾತಿಬರು ಕೈಯಿಂದ ಬರೆದು, ಆ ಪುಟವನ್ನು ಅಚ್ಚುಹಾಕುತ್ತ ಬಂದರು. ಅಲ್ಲಿ ಕಾಣುವುದು ಲೇಖಕರ ಕೈಯಲ್ಲ, ವೃತ್ತಿನಿರತ ಲಿಪಿಕಾರರ ಕೈ. ನಸ್ತಾಲಿಕ್ ಶೈಲಿಯ ಕಟ್ಟುಪಾಡುಗಳು ಪ್ರತಿ ಗೀಟನ್ನೂ ಆಳುತ್ತಿದ್ದವು, ಆದ್ದರಿಂದ ಯಾರು ಬರೆದರೂ ಎಲ್ಲರೂ ಓದಬಲ್ಲವರಾಗಿದ್ದರು. ಪುತ್ತೂರಿನಿಂದಲೇ 1988ರಿಂದ ಹೊರಬರುತ್ತಿರುವ ‘ಅಡಿಕೆ ಪತ್ರಿಕೆ’ಯದು ಇದಕ್ಕೆ ತಿರುಗುಮುರುಗಾದ ದಾರಿ. ಕೃಷಿಕರ ಕೈಗೆ ಲೇಖನಿ ಕೊಡುವುದು ಅದರ ಸಂಕಲ್ಪ. ತೋಟದಲ್ಲಿ ದುಡಿಯುವವರು ಬರೆದುದನ್ನು ಅಚ್ಚಿನ ಕನ್ನಡಕ್ಕೆ ತಂದು, ಇನ್ನೊಂದು ಜಿಲ್ಲೆಯ ತೋಟದವರಿಗೂ ತಲಪಿಸಿತು. ಬರೆದವರ ಅಕ್ಷರ ಓದುಗರಿಗೆ ಕಾಣಲಿಲ್ಲ, ಮಾತಿನ ಪ್ರಾದೇಶಿಕ ಬಣ್ಣವೂ ಅಚ್ಚಿನ ಭಾಷೆಯಲ್ಲಿ ಸಹಜವಾಗಿಯೇ ತೆಳುವಾಯಿತು, ಬರೆದದ್ದು ಮಾತ್ರ ಸಂಚಿಕೆಗಳಲ್ಲಿ ಉಳಿಯಿತು. ಎರಡು ಕಡೆಯೂ ಬರೆಯುವವರಿಗೂ ಓದುವವರಿಗೂ ನಡುವೆ ಒಬ್ಬರು ನಿಂತಿದ್ದರು, ಲಿಪಿಕಾರರೋ ಸಂಪಾದಕರೋ. ಡಿಜಿಟಲ್ ಕೈಬರಹದಲ್ಲಿ ಆ ಜಾಗ ಖಾಲಿಯಿದೆ. ನಮ್ಮ ಶಾಲೆ ಕಾಲೇಜುಗಳ ಕೈಬರಹ ಪತ್ರಿಕೆಗಳಲ್ಲಿಯೂ, ಒಂದೇ ಪ್ರತಿ ಕೈಯಿಂದ ಕೈಗೆ ಹೋಗುತ್ತಿದ್ದಾಗಲೂ, ಚೆಂದದ ಅಕ್ಷರದವರೊಬ್ಬರು ಎಲ್ಲರದನ್ನೂ ಬರೆದುಕೊಡುವ ಪದ್ಧತಿಯಿತ್ತು.

7

ಆ ಖಾಲಿ ಜಾಗದಲ್ಲಿ ಭಾಷಾವಿಜ್ಞಾನದ ವಿದ್ಯಾರ್ಥಿಗಳು ನಿಲ್ಲಬಹುದೆಂಬುದು ನನ್ನ ಸೂಚನೆ. ಬರೆಯುವವರಿಗೆ ಟೈಪು ಮಾಡಿರೆಂದು ಉಪದೇಶಿಸುವುದರಿಂದ ಏನೂ ಸಾಧಿಸಲಾಗದು; ನಾನು ಆ ಪ್ರಯೋಗ ಮಾಡಿ ಸೋತವನು. ಪುಟದ ಪಕ್ಕದಲ್ಲಿ ಅದರ ಟೈಪು ಮಾಡಿದ ಪಾಠವನ್ನಿಡುವ ಕೆಲಸವನ್ನು ನಾವು ವಹಿಸಿಕೊಳ್ಳಬೇಕು. ಇದು ಕೇಳುವಷ್ಟು ಸರಳವಲ್ಲ. ಚುಕ್ಕೆಯಿಟ್ಟ ಎಕಾರವನ್ನು ಏನು ಮಾಡುವುದು? ಯುನಿಕೋಡ್‌ನ ಸಾಮಾನ್ಯ ಕೂಡುಚಿಹ್ನೆಗಳನ್ನು ಕನ್ನಡ ಅಕ್ಷರದ ಮೇಲೆ ಹಾಕಲು ತಾತ್ವಿಕವಾಗಿ ಅಡ್ಡಿಯಿಲ್ಲ, ಆದರೆ ಅನೇಕ ಅಕ್ಷರಶೈಲಿಗಳಲ್ಲಿ ಚುಕ್ಕೆ ಅಕ್ಷರದ ಮೇಲೆ ಕೂರದೆ ಪಕ್ಕದಲ್ಲಿ ಒಡೆದು ನಿಲ್ಲುತ್ತದೆ. ‘ಇಲ್ಲ್’, ‘ಇಲ್ಲು’ಗಳನ್ನು ಒಂದೇ ಶೀರ್ಷಿಕೆಯಡಿ ತಂದರೆ ಹುಡುಕಾಟಕ್ಕೆ ಅನುಕೂಲ, ಬರೆದವರ ತೀರ್ಮಾನಕ್ಕೆ ಅಪಚಾರ. ಹಸ್ತಪ್ರತಿ ಸಂಪಾದನೆಯಲ್ಲಿ ಪಳಗಿದ ಕನ್ನಡ ವಿದ್ವತ್ತಿಗೆ ಪಾಠಾಂತರ, ಗ್ರಂಥಪಾತಗಳ ನಿರ್ವಹಣೆ ಹೊಸದಲ್ಲ. ಓಲೆಗರಿಗೆ ತೋರಿದ ಆ ಶ್ರದ್ಧೆಯನ್ನು ನೆರೆಮನೆಯ ಅಜ್ಜಿ ಕಳುಹಿಸಿದ ಚಿತ್ರಕ್ಕೂ ತೋರುವ ಅಭ್ಯಾಸವಷ್ಟೇ ನಮಗಿಲ್ಲ.

ಸದ್ಯ ನಾನು ಅನುಸರಿಸುತ್ತಿರುವ ಕ್ರಮ ಹೀಗಿದೆ. ಪ್ರತಿ ಪುಟಕ್ಕೂ ಮೂರು ಕಡತಗಳು: ಕುಗ್ಗಿಸದ ಚಿತ್ರ, ಸಾಧ್ಯವಿದ್ದರೆ ಗೀಟುಗಳ ಮೂಲ ಕಡತವೂ ಅದರೊಡನೆ; ಬರೆದವರ ಗುರುತುಗಳನ್ನೆಲ್ಲ ಉಳಿಸಿಕೊಂಡ ಯಥಾಪಾಠ; ಹುಡುಕಾಟಕ್ಕಾಗಿ ಸಮರೂಪಗೊಳಿಸಿದ ಪಾಠ. ಉದ್ಧರಿಸುವಾಗ ಎರಡನೆಯದನ್ನೇ ಬಳಸುವುದು, ಓದಿಹೇಳುವ ತಂತ್ರಾಂಶಕ್ಕೆ ಮೂರನೆಯದನ್ನು ಕೊಡುವುದು. ಪ್ರಕಟಿಸುವ ಮೊದಲು ಮನೆಯವರ ಒಪ್ಪಿಗೆ ಪಡೆಯುವುದು. ಬಳಗದೊಳಗಿನ ಬರಹ ಬಳಗದ ಹೊರಗಿನವರಿಗಾಗಿ ಬರೆದದ್ದಲ್ಲ. ಸೋದರಮಾವನ ಪುಟಗಳಲ್ಲಿ ಈವರೆಗೆ ದೊರೆತವನ್ನು ಹೀಗೆ ಮಾಡುತ್ತ ಬಂದಿದ್ದೇನೆ, ಕೆಲಸ ನಿಧಾನ. ಮಸುಕಾದ ಒತ್ತಕ್ಷರಗಳಲ್ಲಿ ಕೆಲವನ್ನು ಅತ್ತೆ ನೋಡಿದೊಡನೆ ಓದಿಹೇಳಿದರು, ಕೆಲವನ್ನು ಅವರಿಗೂ ಬಿಡಿಸಲಾಗಲಿಲ್ಲ. ಅವುಗಳ ಜಾಗದಲ್ಲಿ ಚೌಕ ಕಂಸ ಹಾಕಿ ಖಾಲಿ ಬಿಟ್ಟಿದ್ದೇನೆ. ನೆರೆಯ ಪುಟ ಕೊನೆಗೆ ಸಿಕ್ಕಿತು. ಅದರಲ್ಲಿ ‘ನೆರೆ’ ಎಂಬ ಪದವೇ ಇಲ್ಲ. ಅವರು ಉದ್ದಕ್ಕೂ ‘ಬೆಳ್ಳ’ ಎಂದು ಬರೆದಿದ್ದರು.